ಸರ್‌ನೇಮ್ ಕೇಳಿದ ಊರಲ್ಲಿ ಎರಡು ದಿನ

ಗೆಳೆಯರೇ, ಮದುವೆಯಾಗಿ 16 ವರ್ಷಕ್ಕೆ ಮೊದಲ ಸಲ ಹೆಂಡತಿ ಜೊತೆ ದೂರದ ಊರಿಗೆ ಹೋಗಿದ್ದೆ. ಉದಯಪುರ. ಧರಣಿ, ಸಭೆ, ಕೋರ್ಟು ಅಂತ ಇದ್ದಬದ್ದ ರಜೆಯೆಲ್ಲ ಮುಗಿಸಿಕೊಳ್ಳೋ ಗುಮಾಸ್ತ ನಾನು. ಅವಳೇ ಚೀಟಿ ಎತ್ತಿ ಮೈಸೂರು-ಉದಯಪುರ ಹಮ್‌ಸಫರ್ ರೈಲಿಗೆ ಟಿಕೆಟ್ ಮಾಡಿಸಿದಳು.

ಹಳೇ ಪೇಟೆಯ ಗಲ್ಲಿಯಲ್ಲಿ ದಿನಕ್ಕೆ 800 ರೂಪಾಯಿಯ ರೂಮು. ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ, ತಾರಸಿ ಹತ್ತಿದರೆ ಅಂಗೈಯಷ್ಟು ಪಿಚೋಲಾ ಕೆರೆ. ಕೌಂಟರಿನಲ್ಲಿದ್ದಾತ ನನ್ನ ಆಧಾರ್ ತಿರುಗಿಸಿ ನೋಡಿ, "ಸರ್‌ನೇಮ್?" ಅಂದ. ನನ್ನ ಹೆಸರಿಗಿರೋದು ಒಂದು ಇನಿಷಿಯಲ್ ಅಷ್ಟೇ. "ನಮ್ಮ ಕಡೆ ಸರ್‌ನೇಮ್ ಇಟ್ಕೊಳ್ಳಲ್ಲ" ಅಂದೆ. "ಮತ್ತೆ ನೀವು ಯಾವ ಜನ?" ಅಂದ. "ಕರ್ನಾಟಕದವರು" ಅಂದೆ. ನಕ್ಕು, ಬೀಗದ ಕೈ ನನ್ನ ಅಂಗೈಗೇ ಇಟ್ಟ.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಮೈಕ್ ಮುಂದೆ ಎದೆ ತಟ್ಟಿ ಹೇಳೋದನ್ನ ಒಂದು ರೂಮಿಗೋಸ್ಕರ ನುಂಗಿಕೊಂಡಿದ್ದೆ. ಹೆಂಡತಿ ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ.

ದೋಣಿ ಟಿಕೆಟ್ ನಮ್ಮ ಲೆಕ್ಕಕ್ಕೆ ದುಬಾರಿ. ಸಂಜೆ ಅಂಬ್ರಾಯಿ ಘಾಟಿನ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತೆವು. ಎದುರಿಗೆ ಸಿಟಿ ಪ್ಯಾಲೆಸ್, ನೀರಿನ ನಡುವೆ ಜಗ್ ನಿವಾಸ್. ಪ್ರೇಮಿಗಳ ಊರು ಅಂತ ಎಲ್ಲರೂ ಫೋಟೋ ಹಾಕೋದು ಇದನ್ನೇ. 1740ರ ದಶಕದಲ್ಲಿ ಎರಡನೇ ಜಗತ್ ಸಿಂಗ್ ಕಟ್ಟಿಸಿದ್ದು, ಈಗ ಐಷಾರಾಮಿ ಹೋಟೆಲು. ರಾಜರ ಹೆಸರೆಲ್ಲ ಎಲ್ಲರಿಗೂ ಬಾಯಿಪಾಠ. ಆದರೆ ಕೆರೆ? ಅದನ್ನ 14ನೇ ಶತಮಾನದಲ್ಲಿ ಒಬ್ಬ ಬಂಜಾರ ಕಟ್ಟಿಸಿದ ಅಂತ ಆ ಊರವರೇ ಹೇಳ್ತಾರೆ. ಉದಯಸಿಂಗ್ 1559ರಲ್ಲಿ ಊರು ಕಟ್ಟೋಕೆ ಬರೋ ಮುಂಚೆಯೇ ನೀರು ಇತ್ತು. ನಮ್ಮ ತಾಂಡಾಗಳ ಲಂಬಾಣಿಗರು ಆ ಬಂಜಾರರ ಬಳಗವೇ.

ಅದೇ ಕೆರೆಯಲ್ಲಿ ಒಂದು ಕಟ್ಟೆ ಇದೆ, ನಟನಿ ಕಾ ಚಬೂತ್ರಾ. ಹಗ್ಗದ ಮೇಲೆ ನಡೆದು ಕೆರೆ ದಾಟಿದರೆ ಅರ್ಧ ಮೇವಾಡ ಕೊಡ್ತೀನಿ ಅಂತ ಮಹಾರಾಣಾ ಜವಾನ್ ಸಿಂಗ್ ಒಬ್ಬ ಹೆಣ್ಣುಮಗಳಿಗೆ ಮಾತು ಕೊಟ್ಟನಂತೆ. ದಡ ಹತ್ತಿರವಾದಾಗ ಆಸ್ಥಾನದವರು ಹಗ್ಗ ಕತ್ತರಿಸಿದರಂತೆ. ಅವಳು ಮುಳುಗಿದಳು. ಅವಳ ಹೆಸರೇನು ಅಂತ ಚಹಾದವನನ್ನ ಕೇಳಿದೆ. "ನಟನಿ" ಅಂದ. ಅದು ಹೆಸರಲ್ಲ, ಜಾತಿ.

"ನೋಡ್ರಿ, ಅವಳ ಹೆಸರು ಕೇಳಿದ್ರೆ ಜಾತಿ ಹೇಳ್ತಾರೆ. ನಿಮ್ಮನ್ನ ಜಾತಿ ಕೇಳಿದ್ರೆ ನೀವು ರಾಜ್ಯದ ಹೆಸರು ಹೇಳಿದ್ರಿ" ಅಂದಳು ಹೆಂಡತಿ. ಚಹಾ ಆರಿಹೋಗಿತ್ತು.

ಹೊರಡೋ ದಿನ ಲೆಕ್ಕ ಚುಕ್ತಾ ಮಾಡುವಾಗ ಅವಳೇ ತನ್ನ ಹರಕು ಹಿಂದಿಯಲ್ಲಿ, "ಭಯ್ಯಾ, ಮೊನ್ನೆ ಕೇಳಿದ್ರಲ್ಲ, ನಾವು ಬಾಬಾಸಾಹೇಬರ ಜನ. ದಲಿತರು" ಅಂದಳು. ಆತ "ಅಚ್ಛಾ, ಅಚ್ಛಾ" ಅಂದು, ಚಿಲ್ಲರೆ ಎಣಿಸಿ ಟೇಬಲ್ ಮೇಲಿಟ್ಟ. ಬಂದ ದಿನ ಕೈಗೇ ಕೊಟ್ಟಿದ್ದವನು.

ಅವಳು ಒಂದೊಂದೇ ನಾಣ್ಯ ಎತ್ತಿಕೊಂಡಳು, ಅವಸರ ಮಾಡಲಿಲ್ಲ. ನಾನು ಬ್ಯಾಗು ಹಿಡಿದು ಪಕ್ಕದಲ್ಲಿ ನಿಂತಿದ್ದೆ.

ಆತನ ಮೇಲೆ ದೂರು ಹೇಳೋಕೆ ಇದನ್ನ ಬರೀಲಿಲ್ಲ. ಮುಂದಿನ ಸಭೆಯಲ್ಲಿ ನನ್ನ ಕೈಗೆ ಮೈಕ್ ಕೊಡೋ ಮುಂಚೆ ನಿಮಗೆ ಇದು ಗೊತ್ತಿರಲಿ ಅಂತ ಬರೆದೆ.

ಜೈ ಭೀಮ್.