ಹೊರಗೆ ಫೈಬರು, ಒಳಗೆ ಕುಂಬು

ನಮ್ಮ ಕಾರು ಶೆಡ್ಡಿನಲ್ಲಿ ಕಾರು ನಿಲ್ಲದೆ ಎರಡು ವರ್ಷವಾಯಿತು. ಅದೀಗ ತೆಂಗಿನ ಮರಗಳ ನಡುವೆ, ಕಾಯಿ ಬೀಳಲಾರದು ಎಂದು ನಾನು ಅಂದಾಜು ಮಾಡಿದ ಜಾಗದಲ್ಲಿ ನಿಲ್ಲುತ್ತದೆ. ಅಂದಾಜು ಒಮ್ಮೆ ತಪ್ಪಿದೆ, ಬಾನೆಟ್ಟಿನ ಮೇಲೆ ಅದರ ಗುರುತಿದೆ. ಶೆಡ್ಡಿನ ಒಳಗಿರುವುದು 14 ಅಡಿ ಉದ್ದದ ಒಂದು ಫೈಬರ್ ದೋಣಿ. ಶೆಡ್ಡಿನ ಉದ್ದ 16 ಅಡಿ. ಹಾಗಾಗಿ ದೋಣಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಬೇಕಾದರೆ ಗೋಡೆಗೆ ಬೆನ್ನು ಉಜ್ಜಿಕೊಂಡೇ ಹೋಗಬೇಕು. ನನ್ನ ಅಂಗಿಗಳ ಬೆನ್ನಿಗೆಲ್ಲ ಸುಣ್ಣ.

ಮನೆ ಇರುವುದು ಕೆಮ್ಮಣ್ಣಿನ ಹತ್ತಿರ. ಸುವರ್ಣಾ ನದಿ ಇಲ್ಲಿಯವರೆಗೆ ನೇರ ಪಡುವಣಕ್ಕೆ ಬಂದು, ಇನ್ನೇನು ಸಮುದ್ರ ಸಿಕ್ಕಿತು ಎನ್ನುವಾಗ ಉತ್ತರಕ್ಕೆ ಹೊರಳಿ, ಕಡಲಿನ ಪಕ್ಕದಲ್ಲೇ ಮೈಲುಗಟ್ಟಲೆ ಹರಿದು, ಕೋಡಿಬೆಂಗ್ರೆಯಲ್ಲಿ ಸೀತಾ ನದಿಯನ್ನು ಕೂಡಿಕೊಂಡು ಸಮುದ್ರಕ್ಕೆ ಇಳಿಯುತ್ತದೆ. ಇಂಥ ನೀರಿನ ಬದಿಯಲ್ಲಿ ನಲವತ್ತು ವರ್ಷ ಮನೆ ಮಾಡಿಕೊಂಡಿದ್ದೂ ನನ್ನದೆನ್ನುವ ದೋಣಿ ಇರಲಿಲ್ಲ. ನಿವೃತ್ತಿಯಾದ ಮೇಲೆ ಆ ಕೊರತೆ ಹಲ್ಲಿನ ಸಂದಿಯ ನಾರಿನ ಹಾಗೆ ಕಾಡತೊಡಗಿತು.

ದೋಣಿ ಕೊಟ್ಟವನು ನನ್ನ ಹಳೆಯ ಶಿಷ್ಯ, ಈಗ ಮಲ್ಪೆಯ ಪರ್ಸೀನ್ ಬೋಟಿನಲ್ಲಿ ದುಡಿಯುವವನು. ಅವನ ಮನೆಯ ಹಿಂದೆ, ಹೊಳೆಯ ದಡದಲ್ಲಿ, ಅದು ಆಕಾಶಕ್ಕೆ ಬಾಯಿ ತೆರೆದುಕೊಂಡು ನಾಲ್ಕೈದು ಮಳೆಗಾಲ ಬಿದ್ದಿತ್ತು. ಒಳಗೆ ನೀರು, ನೀರಿನಲ್ಲಿ ಕಪ್ಪೆ, ಮೂತಿಯ ಹತ್ತಿರ ಒಂದು ಕೆಸುವಿನ ಗಿಡ.

"ಎಂತಕ್ಕೆ ಸರ್ ನಿಮಗೆ ಇದು? ಒಳಗೆಲ್ಲ ಕುಂಬಾಗಿದೆ" ಎಂದ.

"ಫೈಬರು ಹೇಗೆ ಕುಂಬಾಗ್ತದೆ ಮಾರಾಯ?" ಎಂದು ಕೇಳಿದೆ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿದವನ ಪ್ರಶ್ನೆ ಅದು.

ಅವನು ನಗಲಿಲ್ಲ, ನನ್ನ ಮೇಲಿನ ಗೌರವಕ್ಕಿರಬೇಕು. ಕಾಲ ಬಳಿ ಇದ್ದ ಕಲ್ಲೊಂದನ್ನು ಎತ್ತಿ ದೋಣಿಯ ಬದಿಗೆ ಬಡಿದ. ಟಣ್ ಎಂದಿತು. ಎಂಜಿನ್ ನೇತುಹಾಕುವ ಹಿಂದಿನ ಹಲಗೆಗೆ ಬಡಿದ. ದಬ್. ಹಲಸಿನಕಾಯಿ ಬಲಿತಿದೆಯೋ ಇಲ್ಲವೋ ಎಂದು ನೋಡಲು ನಾವು ಬಡಿಯುತ್ತೇವಲ್ಲ, ಅದೇ ಸದ್ದು. ಹಲಸಿಗಾದರೆ ಆ ಸದ್ದು ಶುಭ.

ಮರ ಒಳಗಿಂದೊಳಗೇ ಕೊಳೆತು ಪುಡಿಯಾಗುವುದಕ್ಕೆ ನಮ್ಮ ಕಡೆ ಕುಂಬಾಗುವುದು ಎನ್ನುತ್ತಾರೆ. ಫೈಬರ್ ದೋಣಿ ಎಂದರೆ ಬರೀ ಫೈಬರು ಎಂದು ನಾನು ತಿಳಿದಿದ್ದೆ. ಗಾಜಿನ ಎಳೆಗಳ ಹಾಸು, ಅದಕ್ಕೆ ರೆಸಿನ್ ಕುಡಿಸಿ ಗಟ್ಟಿ ಮಾಡಿದ ಚಿಪ್ಪು: ಅಷ್ಟು ಮಾತ್ರ ಕೊಳೆಯುವುದಿಲ್ಲ, ನಿಜ. ಆದರೆ ಆ ಚಿಪ್ಪು ಬಳುಕುತ್ತದೆ. ಬಳುಕದ ಹಾಗೆ ತಳದಲ್ಲಿ ಉದ್ದಕ್ಕೆ ಮರದ ಪಟ್ಟಿ ಕೂರಿಸಿ, ಎಂಜಿನ್ನಿನ ಭಾರ ಹೊರಲು ಹಿಂದುಗಡೆ ದಪ್ಪ ಪ್ಲೈವುಡ್ ಇಟ್ಟು, ಇವೆಲ್ಲದರ ಮೇಲೆ ಫೈಬರಿನ ಹೊದಿಕೆ ಹೊದಿಸಿರುತ್ತಾರೆ. ಮರಕ್ಕೆ ನೀರು ತಾಗಬಾರದು ಎಂದೇ ಈ ಹೊದಿಕೆ. ಎಲ್ಲೋ ಒಂದು ತೂತಿನಿಂದ ನೀರು ಒಳಗೆ ಹೋಯಿತೆನ್ನಿ, ಅದೇ ಹೊದಿಕೆ ಅದನ್ನು ಹೊರಗೆ ಬರಲೂ ಬಿಡುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟ ಒದ್ದೆ ಬಟ್ಟೆಯ ಗತಿ.

ಇದನ್ನು ಮಾಡುವುದು ಮಳೆನೀರು ಎಂಬುದು ನನಗೆ ತಿಳಿದ ಎರಡನೇ ಸಂಗತಿ. ಸಮುದ್ರದ ಮೇಲೆ ನನಗಿದ್ದ ಸಂಶಯವೆಲ್ಲ ಸುಳ್ಳಾಯಿತು. ಮರ ತಿನ್ನುವ ಬೂಷ್ಟಿಗೆ ಉಪ್ಪು ಆಗದು. ಹಿಂದಿನ ಹೆಬ್ಬಲಸಿನ ದೋಣಿಗಳಿಗೆ ಕಡಲಿನಲ್ಲಿ ಮರ ಕೊರೆಯುವ ಹುಳದ ಕಾಟವಿತ್ತು, ಅದಕ್ಕೇ ಮೀನೆಣ್ಣೆ ಬಳಿಯುತ್ತಿದ್ದರು. ಆ ದೋಣಿಗಳು ಮೂಗಿಗೆ ಮೊದಲು ಸಿಗುತ್ತಿದ್ದವು, ಕಣ್ಣಿಗೆ ಆಮೇಲೆ. ಕುಂಬಿನ ಕತೆ ಬೇರೆ. ಅದಕ್ಕೆ ಸಿಹಿನೀರು ಬೇಕು, ಸ್ವಲ್ಪ ಗಾಳಿ ಬೇಕು, ಯಾರೂ ಬಂದು ನೋಡಬಾರದು. ಉಡುಪಿಯ ಮಳೆಗಾಲಕ್ಕೆ ಬಾಯಿ ತೆರೆದು ಮಲಗಿದ ದೋಣಿಗೆ ಮೂರೂ ಧಾರಾಳವಾಗಿ ಸಿಗುತ್ತವೆ.

ಇಷ್ಟು ತಿಳಿದ ಮೇಲೂ ಯಾಕೆ ತಂದೆ ಎಂದು ಇವಳು ಈಗಲೂ ಕೇಳುತ್ತಾಳೆ. ಆ ದಿನ ಶಿಷ್ಯ ಹೇಳಿದ ಒಂದು ಮಾತು ಕಾರಣ. ಮರದ ದೋಣಿ ಹಾಳಾದರೆ ಬಚ್ಚಲ ಒಲೆಗೆ ಹೋಗುತ್ತದೆ, ಕಬ್ಬಿಣದ್ದಾದರೆ ಗುಜರಿಗೆ ಹೋಗುತ್ತದೆ, ಇದನ್ನು ಗುಜರಿಯವನೂ ಮುಟ್ಟುವುದಿಲ್ಲ ಸರ್, ಎಂದಿದ್ದ. ಅದು ಪಾಠದಲ್ಲಿ ನಾನೇ ಬೋರ್ಡಿನ ಮೇಲೆ ಬರೆಯುತ್ತಿದ್ದ ವಿಷಯ. ಒಮ್ಮೆ ಗಟ್ಟಿಯಾದ ಈ ಜಾತಿಯ ಪಾಲಿಮರ್ ಮತ್ತೆ ಕರಗುವುದಿಲ್ಲ. ಅನ್ನವನ್ನು ಮತ್ತೆ ಅಕ್ಕಿ ಮಾಡಲು ಬರುವುದಿಲ್ಲವಲ್ಲ, ಹಾಗೆ. ಅಮೆರಿಕದ ಒಹಾಯೊದಲ್ಲಿ ರೇ ಗ್ರೀನ್ ಎಂಬವರು 1942ರಲ್ಲಿ ಫೈಬರ್‌ಗ್ಲಾಸಿನ ಪುಟ್ಟ ಹಾಯಿದೋಣಿ ಮಾಡಿದಂದಿನಿಂದ ಲೋಕದ ದಡಗಳಲ್ಲೆಲ್ಲ ಇಂಥವು ಎಷ್ಟು ಬಿದ್ದಿವೆಯೋ. ಸಾಯಲೂ ಆಗದ ಒಂದು ವಸ್ತು ಕೆಸುವಿನ ಗಿಡ ಬೆಳೆಸಿಕೊಂಡು ಕೂತಿತ್ತು. ಟೆಂಪೋ ಬಾಡಿಗೆ ಕೊಟ್ಟು ತಂದೆ.

ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ಶಿಷ್ಯನಿಗೂ ಬಿಡುವು. ಬಿಚ್ಚುವ ಕೆಲಸವೆಲ್ಲ ಆಗಲೇ ಆಯಿತು. ಹಿಂದಿನ ಹಲಗೆಯ ಒಳಮೈಯ ಫೈಬರನ್ನು ಗ್ರೈಂಡರಿನಿಂದ ಚೌಕವಾಗಿ ಸೀಳಿ ಎಬ್ಬಿಸಿದಾಗ ಹಳೇ ಗೊಬ್ಬರದ ಗುಂಡಿಯ ವಾಸನೆ ಶೆಡ್ಡನ್ನು ತುಂಬಿತು. ಒಳಗಿದ್ದದ್ದನ್ನು ಪ್ಲೈವುಡ್ ಎಂದು ಕರೆಯುವಂತಿರಲಿಲ್ಲ. ಕಾಫಿ ಸೋಸಿದ ಮೇಲೆ ಉಳಿಯುವ ಚರಟದಂಥ ಕಪ್ಪು ಪುಡಿ, ಹಿಂಡಿದರೆ ನೀರು ಜಿನುಗುತ್ತಿತ್ತು. ಉಳಿ ತಂದಿಟ್ಟುಕೊಂಡಿದ್ದೆ, ಬೇಕಾಗಲಿಲ್ಲ. ಸೌಟಿನಲ್ಲಿ ತೋಡಿದೆವು. ಎರಡು ಬಕೆಟ್ ಪುಡಿ ತೆಂಗಿನ ಬುಡಕ್ಕೆ ಹೋಯಿತು. ನೆಲದ ಕೆಳಗಿನ ಫೋಮು ಸ್ಪಂಜಿನಂತೆ ನೀರು ಕುಡಿದು ಕೂತಿತ್ತು. ಅದನ್ನು ತೆಗೆದ ಮೇಲೆ, ನಾಲ್ಕು ಜನ ಹೊತ್ತು ತಂದ ದೋಣಿಯನ್ನು ನಾವಿಬ್ಬರೇ ಎತ್ತಿ ತಿರುಗಿಸಿದೆವು.

ನಾನು ಹುಡುಕುತ್ತಿದ್ದದ್ದು ಆ ತೂತನ್ನು. ಮೂರನೇ ದಿನ ಸಿಕ್ಕಿತು. ಯಾವ ಕಾಲದಲ್ಲೋ ಮೇಲೆ ಟರ್ಪಾಲು ಕಟ್ಟಲಿಕ್ಕೆ ಒಂದು ಕಂಬಿ ಕೂರಿಸಿ, ಆಮೇಲೆ ಬೇಡವೆಂದು ಕಿತ್ತು, ಸ್ಕ್ರೂ ಇದ್ದ ಜಾಗವನ್ನು ಹಾಗೇ ಬಿಟ್ಟಿದ್ದರು. ಕಿರುಬೆರಳ ತುದಿಯೂ ಹಿಡಿಯದ ತೂತು. ಅದರ ಸುತ್ತಲಿನ ಮರ ಎಲ್ಲಕ್ಕಿಂತ ಕಪ್ಪಾಗಿತ್ತು. ಅಲ್ಲಿಂದ ದೂರ ಹೋದಂತೆ ಕಂದು, ಆಮೇಲೆ ಹಳದಿ, ಮೂಲೆಯಲ್ಲಿ ಅಂಗೈಯಗಲ ಇನ್ನೂ ಹೊಸ ಪ್ಲೈವುಡ್. ಆ ಅಂಗೈಯಗಲದ ತುಂಡನ್ನು ಎಸೆಯಲಿಲ್ಲ, ಮೇಜಿನ ಮೇಲಿದೆ.

ಫೈಬರ್ ಉಜ್ಜುವ ಬಗ್ಗೆ ಯಾವ ಪತ್ರಿಕೆಯೂ ಸತ್ಯ ಹೇಳುವುದಿಲ್ಲ. ಹೊಸ ಹಾಸು ಹಳೆಯದನ್ನು ಹಿಡಿಯಬೇಕಾದರೆ ಅಂಚನ್ನು ಇಳಿಜಾರಾಗಿ ಉಜ್ಜಬೇಕು, ದಪ್ಪದ ಹನ್ನೆರಡು ಪಟ್ಟು ಉದ್ದದ ಇಳಿಜಾರು. ಉಜ್ಜಿದರೆ ಏಳುವ ಧೂಳು ಗಾಜಿನ ಧೂಳು. ಚಿಕ್ಕಂದಿನಲ್ಲಿ ನಸುಗುನ್ನಿ ಕಾಯಿ ಮುಟ್ಟಿದವರಿಗೆ ಆ ತುರಿಕೆಯನ್ನು ವಿವರಿಸಬೇಕಾಗಿಲ್ಲ. ತುಂಬುತೋಳಿನ ಅಂಗಿ ತೊಟ್ಟೆ, ಕತ್ತಿಗೆ ಟವೆಲ್ ಸುತ್ತಿದೆ, ಮೈಗೆ ಪೌಡರ್ ಬಳಿದೆ. ಆದರೂ ರಾತ್ರಿ ಹಾಸಿಗೆಯಲ್ಲಿ ಎದ್ದು ಕೂತು ಮೈ ಕೆರೆದೆ. ಆ ಧೂಳಿಗೂ ಮುಂದೆ ಬರುವ ರೆಸಿನ್ನಿನ ಘಾಟಿಗೂ ಬಟ್ಟೆಯ ಮಾಸ್ಕು ಸಾಲದು, ಕಾರ್ಟ್ರಿಜ್ ಹಾಕುವ ಮುಖವಾಡವೇ ಬೇಕು. ಇದರಲ್ಲಿ ಜಿಪುಣತನ ಮಾಡಬೇಡಿ, ನಾನು ಒಂದು ವಾರ ಮಾಡಿ ಕೆಮ್ಮಿದ್ದೇನೆ.

ಮಳೆಗಾಲವಿಡೀ ದೋಣಿಯ ಹೊಟ್ಟೆಯಲ್ಲಿ ಎರಡು 100 ವ್ಯಾಟಿನ ಬಲ್ಬು ಉರಿದವು. ಹೊಸದಾಗಿ ಮೊಟ್ಟೆಯೊಡೆದ ಮರಿಗಳಿಗೆ ಕಾವು ಕೊಡುತ್ತಿದ್ದೀರಾ ಎಂದು ಹಾಲಿನವಳು ಕೇಳಿದಳು. ಒದ್ದೆಯ ಮೇಲೆ ರೆಸಿನ್ ಹಿಡಿಯುವುದಿಲ್ಲ. ನವರಾತ್ರಿ ಕಳೆದು, ಬೆಳಗಿನ ಹೊತ್ತು ಇಬ್ಬನಿ ಬಿದ್ದು, ಹತ್ತು ಗಂಟೆಗೆ ಒಣ ಬಿಸಿಲು ಬೀಳತೊಡಗಿದ ಮೇಲೆ ಕಟ್ಟುವ ಕೆಲಸ ಶುರು.

ನನಗೆ ಇದರಲ್ಲಿ ಪ್ರಾಣ ಹೋಗುವಷ್ಟು ಇಷ್ಟವಾದದ್ದು ಈ ಭಾಗ. ಆಚಾರ್ರು ಮರೈನ್ ಪ್ಲೈವುಡ್ಡಿನ, ಅಂದರೆ ಐಎಸ್ 710 ಮುದ್ರೆ ಇದ್ದದ್ದರ, 18 ಮಿಲಿಮೀಟರಿನ ಎರಡು ಹಲಗೆ ಕೊಯ್ದುಕೊಟ್ಟರು. ಎಪಾಕ್ಸಿ ಬಳಿದು ಒಂದಕ್ಕೊಂದು ಅಂಟಿಸಿ, ಹಿಂದುಗಡೆ ಕೂರಿಸಿ, ಮೂಲೆಗಳನ್ನು ಪೇಸ್ಟಿನಿಂದ ತುಂಬಿ ದುಂಡಗೆ ಮಾಡಿದೆ. ಗಾಜಿನ ಬಟ್ಟೆ ನೇರ ಮೂಲೆಗೆ ಮಡಚಿಕೊಳ್ಳುವುದಿಲ್ಲ, ಒಳಗೆ ಗಾಳಿ ಉಳಿಸಿಕೊಳ್ಳುತ್ತದೆ. ದುಂಡು ಮಾಡಲು ದೋಸೆ ಸೌಟಿನ ಬೆನ್ನಿನಷ್ಟು ಒಳ್ಳೆಯ ಹತಾರ ಇನ್ನೊಂದಿಲ್ಲ. ನಮ್ಮ ಮನೆಯಲ್ಲಿ ಈಗ ದೋಸೆ ಸೌಟು ಹೊಸದು.

ಆಮೇಲೆ ರೆಸಿನ್. ಜೇನಿನ ಹದ, ಮೂಗಿಗೆ ಅಡರುವ ಸಿಹಿ ವಾಸನೆ. ಅದಕ್ಕೆ ಎರಡು ಸೇರಬೇಕು. ಮೊದಲು ನೇರಳೆ ಬಣ್ಣದ ಕೋಬಾಲ್ಟ್, ಚೆನ್ನಾಗಿ ಕಲಸಿದ ಮೇಲೆ ನೀರಿನಂತೆ ತಿಳಿಯಾದ ಹಾರ್ಡನರ್. ಇವೆರಡನ್ನು ಮಾತ್ರ ನೇರವಾಗಿ ಒಂದಕ್ಕೊಂದು ಮುಟ್ಟಿಸಬಾರದು, ಸಿಡಿಯಬಹುದು. ಎರಡರ ಬಾಟಲಿಗಳನ್ನೂ ನಾನು ಶೆಡ್ಡಿನ ಎದುರುಬದುರು ಗೋಡೆಗಳಲ್ಲಿ ಇಟ್ಟಿದ್ದೇನೆ, ಹಳೇ ದಾಯಾದಿಗಳನ್ನು ಮದುವೆಮನೆಯಲ್ಲಿ ಕೂರಿಸಿದ ಹಾಗೆ. ಒಂದು ಕಿಲೋ ರೆಸಿನ್ನಿಗೆ ಹತ್ತು-ಹದಿನೈದು ಮಿಲಿಲೀಟರ್ ಹಾರ್ಡನರ್ ಬಿತ್ತೆಂದರೆ ನಮ್ಮ ಸೆಕೆಗೆ ಕಾಲು ಗಂಟೆ ಸಮಯ. ಆಮೇಲೆ ಬ್ರಹ್ಮ ಬಂದರೂ ಅದು ಕೇಳುವುದಿಲ್ಲ.

ಆ ಕಾಲು ಗಂಟೆ! ಬಿಳಿ ಮ್ಯಾಟನ್ನು ಹಾಸಿ ಬ್ರಶ್ಶಿನಿಂದ ರೆಸಿನ್ ಕುಟ್ಟುತ್ತ ಹೋದರೆ, ಒದ್ದೆಯಾದ ಪಂಚೆಯ ಹಾಗೆ ಅದು ಪಾರದರ್ಶಕವಾಗುತ್ತ ಬರುತ್ತದೆ. ಅಡಿಯಲ್ಲಿ ಪ್ಲೈವುಡ್ಡಿನ ಗೆರೆಗಳು ಒಂದೊಂದಾಗಿ ಕಾಣುತ್ತವೆ. ಎಲ್ಲಾದರೂ ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ ಇದೆ ಎಂದರ್ಥ. ಹಲ್ಲಿನ ರೋಲರ್ ಉರುಳಿಸಿ ಅಂಚಿನ ಕಡೆಗೆ ಓಡಿಸಬೇಕು. ಆಗ ಫೋನು ಬಡಿದುಕೊಳ್ಳಲಿ, ಪೋಸ್ಟಿನವನು ಕೂಗಲಿ, ತಲೆ ಎತ್ತುವ ಹಾಗಿಲ್ಲ. ಬ್ರಶ್ಶಿನ ಎಳೆತ ಬದಲಾದದ್ದು ಕೈಗೆ ಗೊತ್ತಾಗುತ್ತದೆ. ಇವಳು ಬೆಲ್ಲದ ಪಾಕವನ್ನು ಬೆರಳಿನಲ್ಲಿ ಹಿಡಿದು ಒಂದೆಳೆ ಬಂತು ಎನ್ನುತ್ತಾಳಲ್ಲ, ಆ ಕ್ಷಣ. ಅಲ್ಲಿಗೆ ನಿಲ್ಲಿಸಬೇಕು. ಮೊದಲ ದಿನ ನಾನು ನಿಲ್ಲಿಸಲಿಲ್ಲ, ಮಗ್ಗಿನಲ್ಲಿ ಅರ್ಧ ಉಳಿದಿದೆಯಲ್ಲ ಎಂಬ ಆಸೆ. ಮಗ್ಗು ಬಿಸಿಯಾಯಿತು, ಹೊಗೆಯಾಡಿತು, ತಳ ಕರಗಿ ನೆಲಕ್ಕೆ ಕೂತಿತು. ಬಚ್ಚಲಿನ ಹಸಿರು ಮಗ್ಗು ಅದು. ಅಂಗಳಕ್ಕೆ ಎಸೆದು ಓಡಿದವನನ್ನು ನೋಡಿ ಇವಳು, "ನಿಮ್ಮ ಲ್ಯಾಬಿನಲ್ಲಿ ಮಕ್ಕಳು ಹೀಗೆ ಮಾಡಿದರೆ ಏನು ಹೇಳ್ತಿದ್ರಿ?" ಎಂದು ಕೇಳಿದಳು. ಕ್ಲಾಸಿನಿಂದ ಹೊರಗೆ ಹಾಕುತ್ತಿದ್ದೆ.

ಪಾಲಿಮರ್ ಪಾಠವನ್ನು ಮೂವತ್ತು ಸಲ ಮಾಡಿದ್ದೇನೆ. ಅಣುಗಳು ಕೈ ಕೈ ಹಿಡಿದು ಬಲೆಯಾಗುತ್ತವೆ ಎಂದು ಬೋರ್ಡಿನ ಮೇಲೆ ಬರೆದು ಕೈ ಒರೆಸಿಕೊಳ್ಳುತ್ತಿದ್ದೆ. ಆ ಬಲೆ ಗಟ್ಟಿಯಾಗುವಾಗ ಅಂಗೈಗೆ ಬಿಸಿ ತಾಗುತ್ತದೆ ಎಂದು ಅರವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು.

ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟು, ಅದರ ಮೇಲೆ ನೇಯ್ದ ರೋವಿಂಗು, ಮತ್ತೆ ಮ್ಯಾಟು. ಮ್ಯಾಟಿನ ತೂಕದ ಎರಡು, ಎರಡೂವರೆ ಪಟ್ಟು ರೆಸಿನ್; ಅನ್ನಕ್ಕೆ ನೀರಿಟ್ಟ ಹಾಗೆ, ಮೊದಲು ಅಳೆದು, ಆಮೇಲೆ ಕೈಯಂದಾಜಿನಲ್ಲಿ. ತಳದ ಪಟ್ಟಿಗಳು, ನೆಲ, ಒಳಗಿನ ಬಣ್ಣ ಎಲ್ಲ ಆಗುವಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದು ಹೋಯಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಖರ್ಚಿನ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿದೆ, ಅದರ ಬಲಗಡೆಯ ಪುಟಗಳನ್ನು ಮಾತ್ರ ಇವಳಿಗೆ ತೋರಿಸಿದ್ದೇನೆ. ದುಡ್ಡು ಉಳಿಸಲು ಈ ಕೆಲಸಕ್ಕೆ ಇಳಿಯುವವನು ಮೂರ್ಖ. ಅಷ್ಟರಲ್ಲಿ ಹೊಸ ದೋಣಿಯೇ ಬರುತ್ತಿತ್ತು.

ಕಳೆದ ಡಿಸೆಂಬರಿನ ಒಂದು ಭಾನುವಾರ, ಉಬ್ಬರದ ಹೊತ್ತು ನೋಡಿ, ಹೊಳೆಗಿಳಿಸಿದೆವು. ನೀರು ಮುಟ್ಟುವ ಮೊದಲು ಶಿಷ್ಯ ನನ್ನ ಕಡೆ ತಿರುಗಿ, "ಸರ್, ಬಿರಡೆ?" ಎಂದ. ತಳದ ನೀರು ಹರಿಯಲು ಬಿಟ್ಟಿದ್ದ ತೂತಿನ ಬಿರಡೆ ನನ್ನ ಜೇಬಿನಲ್ಲಿತ್ತು. ಅವನು ಅದನ್ನು ಒತ್ತಿ ಕೂರಿಸಿ, ಏನೂ ಮಾತಾಡದೆ ಹುಟ್ಟು ಹಿಡಿದ. ಕೋಡಿಬೆಂಗ್ರೆಯ ದಿಕ್ಕಿಗೆ ಅರ್ಧ ಗಂಟೆ ಹೋದೆವು. ಒಳಗೆ ಒಂದು ಹನಿ ನೀರಿಲ್ಲ. ದಡ ಮುಟ್ಟಿದ ಮೇಲೆ ಅವನು ಬೆರಳ ಗೆಣ್ಣಿನಿಂದ ಹಿಂದಿನ ಹಲಗೆಗೆ ಬಡಿದ. ಟಣ್ ಎಂದಿತು.

ಹೊಳೆಯ ದಡದಲ್ಲಿ, ಮನೆಯ ಹಿತ್ತಿಲಲ್ಲಿ ನಿಮ್ಮದೊಂದು ಹಳೇ ಫೈಬರ್ ದೋಣಿ ಅಂಗಾತ ಬಿದ್ದಿದ್ದರೆ ಮೊದಲ ಮಳೆ ಬೀಳುವ ಮುಂಚೆ ಹೋಗಿ ಕವುಚಿ ಹಾಕಿ. ನಾಲ್ಕು ಜನ ಬೇಕಾಗುತ್ತದೆ. ಸ್ಕ್ರೂ ಕಿತ್ತ ತೂತುಗಳಿದ್ದರೆ ಅಂದೇ ಮುಚ್ಚಿ.