ಮಾಗಡಿ ಕೆರೆಯ ಹೆಬ್ಬಾತು, ದುರ್ಬೀನಿನ ಗಾಜು

ಗದಗದಿಂದ ಲಕ್ಷ್ಮೇಶ್ವರದ ದಾರಿ ಹಿಡಿದು ಸುಮಾರು 26 ಕಿ.ಮೀ. ಸಾಗಿದರೆ ಮಾಗಡಿ ಕೆರೆ ಸಿಗುತ್ತದೆ. ಬೆಂಗಳೂರಿನ ಪಕ್ಕದ ಮಾಗಡಿಯಲ್ಲ, ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಸುತ್ತಲೂ ಎರೆಹೊಲ. ನಡುವೆ ಸುಮಾರು 50 ಹೆಕ್ಟೇರಿನ ಈ ಕೆರೆ. ಮಳೆನೀರು ಹಿಡಿಯಲು, ಹೊಲಕ್ಕೆ ಉಣಿಸಲು ಹಿಂದಿನವರು ಕಟ್ಟಿದ್ದು. 2024ರಲ್ಲಿ ಇದು ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು.

ಚಳಿಗಾಲ ಬಂತೆಂದರೆ ಕೆರೆಗೆ ನೆಂಟರು ಬರುತ್ತಾರೆ. ಮಂಗೋಲಿಯ, ಟಿಬೆಟ್ ಕಡೆಯ ಸರೋವರಗಳಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಇಳಿಯುತ್ತವೆ. ಬಿಳಿ ತಲೆ, ಅದರ ಮೇಲೆ ಎರಡು ಕಪ್ಪು ಪಟ್ಟೆ. ಈ ಹಕ್ಕಿ 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಹಗಲು ನೀರಿನಲ್ಲಿ ವಿಶ್ರಾಂತಿ, ಹೊತ್ತು ಇಳಿದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇವು.

ಹತ್ತಿರ ಹೋದರೆ ಹಿಂಡು ಎದ್ದುಬಿಡುತ್ತದೆ. ದಣಿದು ಬಂದ ಹಕ್ಕಿಗೆ ಒಂದೊಂದು ಅನಗತ್ಯ ಹಾರಾಟವೂ ನಷ್ಟವೇ. ಆದ್ದರಿಂದ ದಂಡೆಯ ಮೇಲೆ ದೂರ ನಿಂತೇ ನೋಡಬೇಕು. ಅದಕ್ಕೆ ಬೇಕಾದದ್ದು ಸ್ಪಾಟಿಂಗ್ ಸ್ಕೋಪ್, ಅಂದರೆ ಮುಕ್ಕಾಲಿಯ ಮೇಲೆ ಕೂರಿಸುವ ಒಂಟಿಗಣ್ಣಿನ ದುರ್ಬೀನು. ಸಾಮಾನ್ಯ ಬೈನಾಕ್ಯುಲರ್ 8 ಅಥವಾ 10 ಪಟ್ಟು ಹಿಗ್ಗಿಸಿದರೆ ಇದು 20ರಿಂದ 60 ಪಟ್ಟು ಹಿಗ್ಗಿಸುತ್ತದೆ.

ಇನ್ನೊಂದು ಕುತೂಹಲವೂ ಇದೆ. ಮಂಗೋಲಿಯದಲ್ಲಿ ವಿಜ್ಞಾನಿಗಳು ಕೆಲವು ಹೆಬ್ಬಾತುಗಳ ಕೊರಳಿಗೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ತೊಡಿಸಿ ಬಿಡುತ್ತಾರೆ. ಪಟ್ಟಿಯ ಮೇಲೆ ಅಕ್ಷರ, ಅಂಕೆ. ಅಂಥ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಓದಿ ತಿಳಿಸಿದರೆ ಆ ಹಕ್ಕಿ ಎಲ್ಲಿಂದ ಬಂತೆಂಬುದು ಗೊತ್ತಾಗುತ್ತದೆ. ಹೈಸ್ಕೂಲಿನ ಹುಡುಗಿಯೊಬ್ಬಳು ದಂಡೆಯ ಮೇಲೆ ನಿಂತು ಮಾಡಬಹುದಾದ ವಿಜ್ಞಾನ ಇದು. ಆದರೆ 3 ಎಂಬುದನ್ನು 8 ಎಂದು ಓದಿದರೆ ಹಕ್ಕಿಯ ಚರಿತ್ರೆಯೇ ಬೇರೆಯಾಗುತ್ತದೆ! ಗಾಜಿನ ಪ್ರಶ್ನೆ ಏಳುವುದು ಇಲ್ಲಿಯೇ.

ಎರೆನೆಲ ಒಣಗಿದಾಗ ಗಾಳಿಗೆ ದೂಳು ಏಳುತ್ತದೆ. ಅದರಲ್ಲಿರುವ ಸಣ್ಣ ಮರಳ ಕಣ ಮಸೂರದ ಮೇಲಿನ ತೆಳು ಲೇಪವನ್ನು ಗೀರಬಲ್ಲದು. ಶಾಲೆಯ ಪರಿಸರ ಸಂಘಕ್ಕೆ ಪಾಲಕರು ಹಣ ಕೂಡಿಸಿ ಕೊಡಿಸಿದ ಒಂದೇ ಒಂದು ಸ್ಕೋಪಿಗೆ ನಲವತ್ತು ಮಕ್ಕಳ ಬೆರಳು ತಾಗುವಾಗ ಮಾಸ್ತರರ ಎದೆ ಹೊಡೆದುಕೊಳ್ಳುವುದು ಸಹಜವೇ. ಮುಂದಿನ ಮಸೂರ ಹಾಳಾದರೆ ರಿಪೇರಿ ಸುಲಭವಲ್ಲ. ಹಾಗಾಗಿ ಕ್ಯಾಮೆರಾಕ್ಕೆ ಹಾಕುವಂತೆ ಇದಕ್ಕೂ ಒಂದು ಗಾಜಿನ ಫಿಲ್ಟರ್ ತಿರುಗಿಸಿ ಕೂರಿಸಬಹುದು. ಎಲ್ಲ ಸ್ಕೋಪುಗಳಿಗೂ ಅದಕ್ಕೆ ಬೇಕಾದ ತಿರುಪಿನ ಅಂಚು ಇರುವುದಿಲ್ಲ, ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಅಳತೆಯೂ ಸರಿಹೊಂದಬೇಕು.

ಆದರೆ ಅಗ್ಗದ ಫಿಲ್ಟರ್ ಕಾಪಾಡುವುದಕ್ಕಿಂತ ಕೆಡಿಸುವುದೇ ಹೆಚ್ಚು. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ಬೆಳಕಿನ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಹೊಡೆಯುತ್ತದೆ. ಎರಡು ಮೈ ಸೇರಿ ಶೇ. 8. ಬೆಳಕಿನ ನಷ್ಟಕ್ಕಿಂತ ಮುಖ್ಯವಾದ ತೊಂದರೆ ಗಾಜಿನ ಡೊಂಕು. ಕ್ಯಾಮೆರಾದ ಸಾಮಾನ್ಯ ಲೆನ್ಸಿನಲ್ಲಿ ಕಾಣದ ದೋಷ 60 ಪಟ್ಟು ಹಿಗ್ಗಿದಾಗ ಎದ್ದು ಕಾಣುತ್ತದೆ, ಅಂಕೆಯ ಅಂಚು ಮಸುಕಾಗುತ್ತದೆ. ಪರೀಕ್ಷೆ ಸುಲಭ. ದೂರದ ಅಂಗಡಿಯ ಫಲಕವನ್ನು ಅತಿ ಹೆಚ್ಚು ಹಿಗ್ಗಿಸಿ, ಫಿಲ್ಟರ್ ಹಾಕಿ ಒಮ್ಮೆ, ತೆಗೆದು ಒಮ್ಮೆ ಓದಬೇಕು. ವ್ಯತ್ಯಾಸ ಕಂಡರೆ ಆ ಫಿಲ್ಟರ್ ಬೇಡ. ಈ ಪರೀಕ್ಷೆ ಬೆಳಗಿನ ತಂಪಿನಲ್ಲಿಯೇ ಆಗಬೇಕು. ಮಧ್ಯಾಹ್ನ ನೆಲ ಕಾದು ಗಾಳಿ ನಡುಗುವಾಗ ಯಾವ ಗಾಜೂ ಸ್ಪಷ್ಟ ಚಿತ್ರ ಕೊಡದು.

ಹಾಗಾದರೆ ಬೇಕೇ, ಬೇಡವೇ? ಉಪ್ಪುನೀರು ಸಿಡಿಯುವ ಕಡಲ ದಂಡೆಯಲ್ಲಿ, ದೂಳಿನ ಗಾಳಿಯಲ್ಲಿ, ಹಲವು ಕೈ ಬದಲಾಗುವ ಶಾಲೆಯ ಸ್ಕೋಪಿಗೆ ಒಳ್ಳೆಯ ಲೇಪದ ಫಿಲ್ಟರ್ ಇರಲಿ. ಕೊರಳಪಟ್ಟಿ ಓದುವಾಗ ಬಿಚ್ಚಿ, ಓದಿದ ಮೇಲೆ ಮತ್ತೆ ಹಾಕಿದರಾಯಿತು. ಒಬ್ಬರೇ ಜೋಪಾನವಾಗಿ ಬಳಸುವುದಾದರೆ ಮುಚ್ಚಳ ಮತ್ತು ಮುಂದೆ ಎಳೆದುಕೊಳ್ಳುವ ಬಿಸಿಲುಮರೆ ಸಾಕು. ಮಸೂರದ ಮೇಲೆ ಕೂತ ಒಂದೆರಡು ದೂಳಿನ ಕಣ ಚಿತ್ರದಲ್ಲಿ ಕಾಣುವುದೇ ಇಲ್ಲ. ಅದನ್ನು ಅಂಗಿಯ ತುದಿಯಿಂದ ಒರೆಸಹೋಗುವುದೇ ಅಪಾಯ. ಮೊದಲು ರಬ್ಬರ್ ಊದುಗದಿಂದ ಗಾಳಿ, ಆಮೇಲೆ ಮೆತ್ತನೆಯ ಕುಂಚ, ಕೊನೆಗೆ ಲೆನ್ಸಿನ ಬಟ್ಟೆ: ಇದೇ ಕ್ರಮ. ಫಿಲ್ಟರನ್ನೂ ಹೀಗೆಯೇ ಒರೆಸಬೇಕು.

ಪಾಲಕರು ಮಕ್ಕಳಿಗೆ ತಪ್ಪದೆ ಹೇಳಬೇಕಾದ ಮಾತೊಂದಿದೆ. ಈ ಫಿಲ್ಟರ್ ಕಾಪಾಡುವುದು ಗಾಜನ್ನು, ಕಣ್ಣನ್ನಲ್ಲ. ಹೆಬ್ಬಾತುಗಳು ಹೊಲದತ್ತ ಏಳುವ ಸಂಜೆ ಸ್ಕೋಪು ಅವುಗಳ ಹಿಂದೆ ತಿರುಗುತ್ತಾ ಸೂರ್ಯನ ಮೇಲೆ ಹೋಗಬಾರದು. ಕ್ಷಣಮಾತ್ರ ನೋಡಿದರೂ ದೃಷ್ಟಿಗೆ ಶಾಶ್ವತ ಹಾನಿಯಾಗಬಹುದು.

ಮಾಗಡಿಗೆ ಹೋಗಲು ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಬೆಳಗಿನ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲುವಂತೆ ಜಾಗ ಹಿಡಿಯಬೇಕು. ಊಟದ ಬುತ್ತಿ, ನೀರು, ಒಂದು ನೋಟ್‌ಬುಕ್ ಜೊತೆಗಿರಲಿ. ಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರ, ಅಂಕೆ, ದಿನಾಂಕ ಬರೆದುಕೊಂಡು ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಸಂದೇಹವಿದ್ದ ಅಂಕೆಯ ಮುಂದೆ ಪ್ರಶ್ನೆಚಿಹ್ನೆ ಹಾಕುವುದನ್ನು ಮರೆಯಬಾರದು.