ನಾಲ್ಕಡಿ ಬಾತ್‌ರೂಮಿಗೆ ಯಾವ ಬಣ್ಣ?

ಸಣ್ಣ ಬಾತ್‌ರೂಮಿಗೆ ಬಿಳಿ ಹೊಡೆಸಿ, ದೊಡ್ಡದಾಗಿ ಕಾಣುತ್ತೆ ಅಂತ ಪೇಂಟ್ ಅಂಗಡಿಯವರು ಹೇಳುತ್ತಾರೆ. ಮಾತು ನಿಜವೇ. ತಿಳಿ ಬಣ್ಣದ ಗೋಡೆ ಬೆಳಕನ್ನು ಹೀರಿಕೊಳ್ಳದೆ ತಿರುಗಿಸಿ ಕೊಡುತ್ತದೆ, ಗವಾಕ್ಷಿ ಚಿಕ್ಕದಿದ್ದರೂ ಕತ್ತಲೆ ಅನ್ನಿಸುವುದಿಲ್ಲ. ಆದರೆ ವಯಸ್ಸಾದವರಿರುವ ಮನೆಗೆ ಇಷ್ಟೇ ಸಾಲದು. ಬಂಗಾರಪೇಟೆಯ ನಮ್ಮ ಮನೆಯಲ್ಲಿ ನಾಲ್ಕಡಿ ಅಗಲ, ಆರಡಿ ಉದ್ದದ ಬಾತ್‌ರೂಮಿಗೆ ಬಣ್ಣ ಆರಿಸುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಾವ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆಮೇಲೆ ಲೈನ್ ಮನೆ ಬಿಟ್ಟು ಬಂಗಾರಪೇಟೆಗೆ ಬಂದರು. ಚಾಂಪಿಯನ್ ರೀಫ್ ಕಡೆಯ ಲೈನ್ ಮನೆಗಳನ್ನು ನೋಡಿದವರಿಗೆ ಗೊತ್ತು: ಒಂದು ಕೋಣೆ, ಮುಂದೆ ಒಂದಿಷ್ಟು ಜಾಗ. ಎಷ್ಟೋ ಮನೆಗಳಿಗೆ ಸ್ವಂತ ಪಾಯಿಖಾನೆಯೇ ಇರಲಿಲ್ಲ. ಸಾಲು ಪಾಯಿಖಾನೆಗೆ ಹೋಗಬೇಕಿತ್ತು, ಅದನ್ನು ಕೈಯಿಂದ ಬಳಿದು ಹೊರುವ ಕೆಲಸ ದಲಿತರ ತಲೆಗೆ ಬಿದ್ದಿತ್ತು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು ಅದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ಆದ ಮೇಲೆ. ಆದರೂ ಆ ಬೆಳಕು ಪಾಯಿಖಾನೆಯ ತನಕ ಬರಲಿಲ್ಲ ಅಂತ ಅತ್ತೆ ಈಗಲೂ ಹೇಳುತ್ತಾರೆ.

ಹಾಗಾಗಿ ಮನೆಯೊಳಗೇ ಬಾತ್‌ರೂಮು ಅಂದರೆ ಅತ್ತೆಗೆ ಅದೊಂದು ಗೌರವ. ಅವರಿಗೆ ಬೇಕಾದದ್ದು ಬಿಳಿ. ಗೋಡೆ ಬಿಳಿ, ಟೈಲ್ಸ್ ಬಿಳಿ, ಕಮೋಡೂ ಬಿಳಿ, ಒಂದು ಕಲೆ ಬಿದ್ದರೂ ಕಾಣಬೇಕು. ಮಗಳಿಗೆ ಗುಲಾಬಿ ಬೇಕು. ನಮ್ಮ ಮನೆಯವರು "ಯಾವುದೋ ಒಂದು ಹೊಡೆಸು, ಸ್ನಾನ ಮಾಡೋಕೆ ತಾನೇ" ಅಂದು ಬೆಂಗಳೂರು ರೈಲು ಹತ್ತಿದರು. ಮಾವ ಮಾತ್ರ ಏನೂ ಹೇಳಲಿಲ್ಲ.

ಅದೇ ವಾರ ಅತ್ತೆ ಅಡುಗೆಮನೆಯಲ್ಲಿ ಮೆಲ್ಲಗೆ ಒಂದು ವಿಷಯ ಹೇಳಿದರು. ಮಾವ ಸಂಜೆ ಆರರ ನಂತರ ನೀರು ಕುಡಿಯುವುದನ್ನೇ ಬಿಟ್ಟಿದ್ದಾರಂತೆ. ರಾತ್ರಿ ಏಳಬೇಕಾಗುತ್ತದೆ ಅನ್ನುವ ಭಯ. ಬಾತ್‌ರೂಮಿನ ಹೊಸ್ತಿಲನ್ನು ಎರಡು ಸಲ ಎಡವಿದ್ದರಂತೆ, ಯಾರಿಗೂ ಹೇಳಿರಲಿಲ್ಲ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್‌ಗೆ ಇನ್ನೂ ಮನಸ್ಸು ಮಾಡಿಲ್ಲ.

ನಾನೇ ಹೋಗಿ ಕೇಳಿದೆ. "ಮಾವ, ನಿಮಗೆ ಯಾವ ಬಣ್ಣ ಬೇಕು?"

"ಬಣ್ಣ ಯಾವುದಾದರೂ ಆಗಲಿ ಕಣಮ್ಮ. ಎಲ್ಲಾ ಒಂದೇ ಥರ ಇದ್ದರೆ ನೆಲ ಎಲ್ಲಿ ಮುಗೀತು, ಮೆಟ್ಟಿಲು ಎಲ್ಲಿ ಶುರುವಾಯ್ತು ಗೊತ್ತಾಗಲ್ಲ. ನಮ್ಮ ಸ್ಟೇಷನ್‌ನಲ್ಲಿ ಪ್ಲಾಟ್‌ಫಾರಂ ಅಂಚಿಗೆ ಹಳದಿ ಪಟ್ಟೆ ಯಾಕೆ ಹೊಡೆದಿದ್ದಾರೆ?"

ಪೊರೆ ಬಂದ ಕಣ್ಣಿಗೆ ಹೊಳೆಯುವ ಬಿಳಿ ಗೋಡೆಯ ಮೇಲೆ ಬಲ್ಬಿನ ಬೆಳಕು ಬಿದ್ದರೆ ಕಣ್ಣು ಕೋರೈಸುತ್ತದೆ. ತಿಳಿ ನೀಲಿ, ತಿಳಿ ಹಸಿರು, ಬಿಳಿ, ಎಲ್ಲಾ ಹೆಚ್ಚುಕಮ್ಮಿ ಒಂದೇ ಥರ ಮಂಕಾಗಿ ಕಾಣುತ್ತವೆ. ಅಂಥವರಿಗೆ ಬೇಕಾದದ್ದು ತಿಳಿಯ ಪಕ್ಕದಲ್ಲಿ ಗಾಢ ಬಣ್ಣ.

ಕೊನೆಗೆ ಹೀಗೆ ಮಾಡಿದೆವು. ಮೂರಡಿ ಎತ್ತರದವರೆಗೆ ಗಾಢ ಹಸಿರು, ಅದರ ಮೇಲೆ ಕೆನೆ ಬಣ್ಣ, ಹೊಳಪಿಲ್ಲದ್ದು. ಚಾವಣಿ ಬಿಳಿ. ಬಿಳಿ ಕಮೋಡು ಈಗ ಹಸಿರು ಗೋಡೆಯ ಎದುರು ಎದ್ದು ಕಾಣುತ್ತದೆ. ಹೊಸ್ತಿಲಿಗೆ ಹಳದಿ ಪಟ್ಟೆ. ಗೋಡೆಗೆ ಹಿಡಿಕೆ ಹಾಕಿಸಿದೆವು, ಅದಕ್ಕೂ ಹಳದಿ. ಮಗ್ ಕೆಂಪು. ಅತ್ತೆಗೆ ಚಾವಣಿಯಾದರೂ ಬಿಳಿಯಾಯಿತು. ಮಗಳಿಗೆ ಗುಲಾಬಿ ಬಕೆಟ್ಟು. ನಮ್ಮ ಬೋರ್‌ವೆಲ್ ನೀರು ಗಡಸು, ಒಣಗಿದರೆ ಬಿಳಿ ಕಲೆ ಬಿಡುತ್ತದೆ. ಗಾಢ ಬಣ್ಣದ ಮೇಲೆ ಅದು ಹೆಚ್ಚು ಕಾಣುತ್ತದೆ ಅನ್ನುವುದು ಖರೆ. ವಾರಕ್ಕೊಮ್ಮೆ ನಿಂಬೆಹಣ್ಣಿನ ಹೋಳಿನಿಂದ ಉಜ್ಜುತ್ತೇವೆ.

ಬಣ್ಣ ಹೊಡೆಸುವವರಿಗೆ ಕೆಲವು ಮಾತು. ಹೊಸ ಸಿಮೆಂಟು ಗಾರೆ ಚೆನ್ನಾಗಿ ಒಣಗಲು ಸುಮಾರು ನಾಲ್ಕು ವಾರ ಬೇಕು, ಅವಸರ ಮಾಡಬೇಡಿ. ತೇವ ಇರುವ ಗೋಡೆಗೆ ಆಯಿಲ್ ಪೇಂಟ್ ಹೊಡೆದರೆ ಒಳಗಿನ ನೀರು ಹೊರಬರಲಾಗದೆ ಬಣ್ಣ ಗುಳ್ಳೆ ಏಳುತ್ತದೆ. ಹಳೆಯ ಸುಣ್ಣದ ಮೇಲೆ ಹಾಗೇ ಪೇಂಟ್ ಹೊಡೆದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ, ಮೊದಲು ಕೆರೆಸಿ. ದುಡ್ಡು ಕಡಿಮೆ ಇದ್ದರೆ ಸುಣ್ಣವೇ ಆಗಬಹುದು. ಅದು ಗೋಡೆಗೆ ಉಸಿರಾಡಲು ಬಿಡುತ್ತದೆ, ಬೂಷ್ಟನ್ನೂ ತಡೆಯುತ್ತದೆ. ಹೊಸ್ತಿಲಿಗೆ, ಮೆಟ್ಟಿಲ ಅಂಚಿಗೆ ಒಂದು ಸಣ್ಣ ಡಬ್ಬಿ ಎನಾಮಲ್ ಸಾಕು. ಆದರೆ ಕಾಲಿಡುವ ಕಡೆ ಪೂರ್ತಿ ಬಳಿಯಬೇಡಿ, ನೀರು ಬಿದ್ದರೆ ಜಾರುತ್ತದೆ. ಅಂಗಡಿಯ ಕಾರ್ಡು ನೋಡಿ ತೀರ್ಮಾನಿಸಬೇಡಿ. ಗೋಡೆಯ ಮೇಲೆ ಒಂದಡಿ ಬಳಿದು, ಹಗಲಲ್ಲೊಮ್ಮೆ, ರಾತ್ರಿ ಬಲ್ಬಿನ ಬೆಳಕಲ್ಲೊಮ್ಮೆ ನೋಡಿ. ಮನೆಯಲ್ಲಿ ಕಣ್ಣು ಮಂಜಾದವರಿದ್ದರೆ ಅವರನ್ನೇ ಕರೆದು ತೋರಿಸಿ.

ಬಣ್ಣ ಬಳಿದಾಕ್ಷಣ ಪೊರೆ ಹೋಗುವುದಿಲ್ಲ, ಆಪರೇಷನ್ ಮಾಡಿಸಲೇಬೇಕು. ಮಾವ ದೀಪಾವಳಿ ಆಗಲಿ ಅಂದಿದ್ದಾರೆ. ಅಲ್ಲಿಯವರೆಗೆ ರಾತ್ರಿ ಅವರ ಮಂಚದ ಪಕ್ಕ ಒಂದು ಚೊಂಬು ನೀರು ಇಡುತ್ತಿದ್ದೇನೆ. ಬೆಳಿಗ್ಗೆ ಅದು ಖಾಲಿಯಾಗಿರುತ್ತದೆ.